ಮೂರನೆಯ ಸಾಲಿನ ಉಸಿರು

ಸೂಜಿ ಚುಚ್ಚಿ ಆದಮೇಲೆ ಸಿಸ್ಟರ್ ಸಿರಿಂಜನ್ನು ಮೆಲ್ಲಗೆ ಹಿಂದಕ್ಕೆಳೆಯುತ್ತಿದ್ದರು. ಕೊಳವೆಯಲ್ಲಿ ರಕ್ತ ಕಾಣಿಸಿಕೊಳ್ಳಬೇಕು. ಕಂಡರೆ ಔಷಧಿ, ಕಾಣದಿದ್ದರೆ ಔಷಧಿ ಇಲ್ಲ. ಅಷ್ಟು ಸರಳ.

ಅಕ್ಕನ ಬಲಗಡೆಯ ಎದೆಯ ಮೇಲ್ಭಾಗದಲ್ಲಿ, ಚರ್ಮದ ಕೆಳಗೆ, ಕೋಟಿನ ಗುಂಡಿಯಷ್ಟು ದಪ್ಪದ ಒಂದು ಪೋರ್ಟ್ ಕೂರಿಸಿದ್ದರು. ಅದರಿಂದ ಹೊರಟ ಸಣ್ಣ ಕೊಳವೆ ಕತ್ತಿನ ದೊಡ್ಡ ರಕ್ತನಾಳವನ್ನು ಹೊಕ್ಕು ಹೃದಯದ ಹತ್ತಿರದವರೆಗೆ ಇಳಿದಿತ್ತು. ಕರುಳಿನ ಗಡ್ಡೆ ತೆಗೆಸಿದ ಮೇಲೆ ಶುರುವಾದ ಈ ಔಷಧಿ ಕೈಯ ನರಗಳನ್ನು ಸುಟ್ಟುಬಿಡುತ್ತದೆಂದು ಮೊದಲೇ ಹೇಳಿದ್ದರು. ಹೇಳಿದಂತೆಯೇ ಆಯಿತು. ಎರಡು ಕೈಗಳಲ್ಲೂ ಹಿಡಿದರೆ ಸಿಗುವ ನರ ಒಂದೂ ಉಳಿದಿರಲಿಲ್ಲ. ಇನ್ನು ಈ ಪೋರ್ಟೊಂದೇ ದಾರಿ ಎಂದು ಅಕ್ಕ ತಿಳಿದಿದ್ದಳು, ತಂಗಿಯೂ ಹಾಗೇ ತಿಳಿದಿದ್ದಳು.

ಆ ದಾರಿ ಒಂದು ದಿನ ಮುನಿಸಿಕೊಂಡಿತು. ನೀರು ಒಳಗೆ ಹೋಗುತ್ತಿತ್ತು, ರಕ್ತ ಹೊರಗೆ ಬರುತ್ತಿರಲಿಲ್ಲ.

"ಸ್ವಲ್ಪ ಕೆಮ್ಮಿ ಅಮ್ಮ," ಎಂದರು ಸಿಸ್ಟರ್.

ಅಕ್ಕ ಕೆಮ್ಮಿದಳು.

"ಕೈ ಮೇಲಕ್ಕೆತ್ತಿ. ಮುಖ ಆ ಕಡೆ ತಿರುಗಿಸಿ. ಈಗ ಈ ಕಡೆ ಒರಗಿ."

ಪಕ್ಕದ ಕುರ್ಚಿಯಲ್ಲಿ ಔಷಧಿ ಹಾಕಿಸಿಕೊಳ್ಳುತ್ತಿದ್ದ ಮೇಸ್ತ್ರಿ ಕಣ್ಣುಬಿಟ್ಟು ನೋಡಿದ. ಜೀವನವೆಲ್ಲ ಗೋಡೆ ಕಟ್ಟಿದವನು, ಈಗ ಅವನ ಕೈಗೆ ಚಮಚ ಕೂಡ ಭಾರ. "ಇನ್ನು ಎದ್ದು ಕುಣಿಯೋದೊಂದು ಬಾಕಿ ಉಳೀತು ನೋಡಿ," ಎಂದ.

"ನೀವು ಸುಮ್ನಿರಿ ಮೇಸ್ತ್ರಿ," ಎಂದರು ಸಿಸ್ಟರ್.

ಅಕ್ಕ ಕಣ್ಣು ಮುಚ್ಚಿದಳು. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಭಯವಾದಾಗ ಅವಳು ಮಾಡುವುದು ಒಂದೇ. ದೇವರ ಮೇಲೆ ಅಪ್ಪ ಕಟ್ಟಿದ ಪದ್ಯವನ್ನು ಅಪ್ಪನ ರಾಗದಲ್ಲಿಯೇ ಎತ್ತಿಕೊಂಡಳು.

*ತೆರೆಯೊ ಬಾಗಿಲ, ದಣಿದು ಬಂದೆನು*
*ಹೊರೆಯನಿಳುಹುವ ತಾಣ ಕಾಣೆನು*
*ಕರೆವ ದನಿಯಿದು ನಿನ್ನ ಕಿವಿಯನು ಸೇರಿದರೆ ಸಾಕು*

ಮೂರನೆಯ ಸಾಲು ಉದ್ದ. ಅದನ್ನು ಒಂದೇ ಉಸಿರಿನಲ್ಲಿ ಮುಗಿಸಬೇಕು, ಅಪ್ಪನ ಕಟ್ಟುನಿಟ್ಟು ಹಾಗಿತ್ತು. ಅಕ್ಕನ ಉಸಿರು ತಳಮುಟ್ಟುವ ಹೊತ್ತಿಗೆ ಸಿರಿಂಜಿನ ತುದಿ ಕೆಂಪಾಯಿತು.

"ಬಂತು ನೋಡಿ," ಎಂದರು ಸಿಸ್ಟರ್.

"ಅವನು ಕೇಳಿಸ್ಕೊಂಡ," ಎಂದಳು ಅಕ್ಕ.

ತಂಗಿ ಕುರ್ಚಿಯ ಹಿಂದೆ ನಿಂತು ಕೈ ಮುಗಿದಳು.

ಅಂದಿನಿಂದ ಅದೇ ಪದ್ಧತಿಯಾಯಿತು. ಸಿಸ್ಟರ್‌ಗಳು ಪಾಳಿ ಬದಲಾಯಿಸುವಾಗ ಒಬ್ಬರಿಗೊಬ್ಬರು ಹೇಳಿ ಹೋಗುತ್ತಿದ್ದರು: ಕಿಟಕಿ ಪಕ್ಕದ ಕುರ್ಚಿ, ಕೈ ಎತ್ತಿಸಿ, ಪದ್ಯ ಹೇಳಿಸಿ, ಬರುತ್ತೆ. ಅಕ್ಕನ ಹೆಸರು ಆ ಹಜಾರದಲ್ಲಿ ಪದ್ಯದಮ್ಮ ಎಂದಾಯಿತು. ಎದುರು ಸಾಲಿನ ಕುರ್ಚಿಗಳಲ್ಲಿ ಕೂತವರು ಅವಳು ಬಾಯಿ ತೆರೆಯುವುದನ್ನೇ ಕಾಯುತ್ತಿದ್ದರು. ಮೇಸ್ತ್ರಿ ಮಾತ್ರ, "ನನ್ನದು ಪದ್ಯ ಇಲ್ಲದೇನೇ ಬರುತ್ತಪ್ಪ, ನಾನು ಪಾಪಿ ಇದ್ದರೂ ಇರಬಹುದು, ರಕ್ತ ಮಾತ್ರ ಸರಾಗ," ಎನ್ನುತ್ತಿದ್ದ.

ಅಕ್ಕನ ಧ್ವನಿ ಊರಿಗೆಲ್ಲ ಗೊತ್ತಿದ್ದದ್ದೇ. ನಿವೃತ್ತಿಯಾಗುವವರೆಗೆ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳನ್ನು ಕರೆಯುತ್ತಿದ್ದವಳು ಅವಳು. ತಂಗಿಗೆ ಧ್ವನಿ ಬರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಇಬ್ಬರಿಗೂ ಹೇಳಿಕೊಡಲು ಕೂತರೆ, ತಂಗಿಯ ಗಂಟಲು ಎರಡನೆಯ ಸಾಲಿಗೇ ಬಿರುಕು ಬಿಡುತ್ತಿತ್ತು. "ಇರಲಿ ಬಿಡು ಮಗಾ, ಹೇಳೋರಿಗೆ ಕೇಳೋರೂ ಬೇಕಲ್ಲ," ಎಂದಿದ್ದರು ಅಪ್ಪ. ಅವಳು ಕೇಳುವವಳಾದಳು. ಅಪ್ಪನ ಲಾಂಡ್ರಿಯೂ ಅವಳ ಪಾಲಿಗೇ ಬಂತು. ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ಮೇಲೆ ಮಲಗುವ ಎರಡು ಕೋಣೆ. ಮದುವೆಯ ಮಾತು ಇಬ್ಬರಿಗೂ ಬಂದು ಹೋಗಿತ್ತು, ಬಂದ ದಾರಿಯಲ್ಲೇ.

ಅಂಗಿಗಳನ್ನು ಇಸ್ತ್ರಿ ಮಾಡುವುದನ್ನು ಅವಳು ಪದ್ಯದ ಲೆಕ್ಕದಲ್ಲಿಯೇ ಕಲಿತದ್ದು. ಮೊದಲ ಸಾಲಿಗೆ ಒಂದು ತೋಳು, ಎರಡನೆಯ ಸಾಲಿಗೆ ಇನ್ನೊಂದು ತೋಳು, ಮೂರನೆಯದಕ್ಕೆ ಬೆನ್ನು, ಭುಜದಿಂದ ಅಂಚಿನವರೆಗೆ, ಎಲ್ಲೂ ನಿಲ್ಲದೆ. ಬೆಳಗ್ಗೆ ಅಕ್ಕ ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಕೂತು ಹೇಳುವಳು, ತಂಗಿಯ ಇಸ್ತ್ರಿಪೆಟ್ಟಿಗೆ ಓಡುವುದು. ಗಿರಾಕಿಗಳು ಬಂದರೆ ಪದ್ಯ ಮುಗಿಯುವವರೆಗೆ ಬಾಗಿಲಲ್ಲೇ ನಿಲ್ಲುತ್ತಿದ್ದರು. ಕೆಲವರಿಗೆ ಅದು ಭಕ್ತಿ. ಇನ್ನು ಕೆಲವರಿಗೆ, ನಡುವೆ ಮಾತಾಡಿಸಿದರೆ ಅಂಗಿ ಸುಟ್ಟೀತೆಂಬ ಭಯ.

ಔಷಧಿ ಅಕ್ಕನ ಬೆರಳ ತುದಿಗಳನ್ನು ಮರಗಟ್ಟಿಸಿತ್ತು. ನೀರು ಬಿಸಿಯೋ ತಣ್ಣಗೋ ತಿಳಿಯುತ್ತಿರಲಿಲ್ಲ. ಅಂಗಿಯ ಗುಂಡಿಗಳಂತೂ ಕೈಗೆ ಸಿಕ್ಕರೂ ಸಿಗದಂತೆಯೇ ಜಾರುತ್ತಿದ್ದವು. ನಿಲ್ದಾಣದ ಸಮವಸ್ತ್ರದ ಅಂಗಿಗಳನ್ನೇ ಅವಳು ಇನ್ನೂ ತೊಡುತ್ತಿದ್ದದ್ದು. ಕತ್ತಿನವರೆಗೆ ಗುಂಡಿ ಹಾಕದಿದ್ದರೆ ಅವಳಿಗೆ ಬಟ್ಟೆ ತೊಟ್ಟಂತೆಯೇ ಅಲ್ಲ. ಹಾಗಾಗಿ ದಿನಾ ಬೆಳಗ್ಗೆ ತಂಗಿ ಎದುರು ನಿಂತು ಗುಂಡಿ ಹಾಕುತ್ತಿದ್ದಳು, ಕೆಳಗಿನಿಂದ ಶುರುಮಾಡಿ ಕಾಲರಿನವರೆಗೆ.

ಒಂದು ದಿನ ಕಾಲರಿನ ಗುಂಡಿ ಎಳೆದು ಹಾಕಬೇಕಾಯಿತು.

"ಏನೇ ಅಕ್ಕಾ, ಮೈ ಹಿಡೀತಾ ಇದೀಯಾ?"

"ನೀನು ಬಡಿಸೋ ಬಡಿಸಾಟಕ್ಕೆ ಗೋಡೇನೂ ಮೈ ಹಿಡಿಯುತ್ತೆ."

ತಂಗಿಗೆ ಹಿಗ್ಗಾಯಿತು. ತಿಂಗಳುಗಟ್ಟಲೆ ಕರಗಿದ ಮೈ. ಅವಳು ಆ ಅಂಗಿಗಳನ್ನೆಲ್ಲ ತೆಗೆದು, ಕಾಲರಿನ ಗುಂಡಿಯನ್ನು ಒಂದು ಹುಲ್ಲುಕಡ್ಡಿಯಷ್ಟು ಆಚೆಗೆ ಜರುಗಿಸಿ ಹೊಲಿದಳು. ಸ್ವಲ್ಪ ದಿನ ಕಳೆದ ಮೇಲೆ ಮತ್ತೆ ಬಿಗಿಯಾಯಿತು. ಮತ್ತೆ ಜರುಗಿಸಿದಳು. ಪಕ್ಕದ ಅಂಗಡಿಯ ಬೀಗದವನಿಗೆ, "ನಮ್ಮಕ್ಕ ಚೇತರಿಸ್ಕೊಂಡಳಪ್ಪ, ಕತ್ತು ತುಂಬಿಕೊಂಡಿದೆ," ಎಂದೂ ಹೇಳಿದಳು.

ಬಲತೋಳು ಮಾತ್ರ ಬಿಗಿಯಾಗಿದ್ದು, ಎಡತೋಳು ಹಾಗೇ ಜೋಲುತ್ತಿದ್ದದ್ದನ್ನು ಅವಳ ಕೈ ಗಮನಿಸಿತ್ತು. ಬಟ್ಟೆಯಲ್ಲಿ ಬದುಕಿದ ಕೈ. ಮನಸ್ಸು ಅದನ್ನು ಪಕ್ಕಕ್ಕಿಟ್ಟಿತ್ತು. ಪದ್ಯ ಹೇಳುವಾಗ ಎತ್ತುವ ಕೈ, ಅದಕ್ಕೇ ಏನೋ ಎಂದುಕೊಂಡಿದ್ದಳು.

ಆಮೇಲೆ ಒಂದು ಬೆಳಗ್ಗೆ ಪೆಟ್ಟಿಗೆ ನಿಂತಿತು.

ಮೇಜಿನ ಮೇಲೆ ಯಾರದೋ ಬಿಳಿ ಅಂಗಿ. ತೋಳುಗಳು ಮುಗಿದಿದ್ದವು. ಬೆನ್ನಿನ ಮೇಲೆ ಪೆಟ್ಟಿಗೆ ಇಳಿಯುತ್ತಿತ್ತು. *ಕರೆವ ದನಿಯಿದು ನಿನ್ನ ಕಿವಿಯನು*, ಎಂದು ಅಕ್ಕ ನಿಲ್ಲಿಸಿದಳು. ಉಸಿರು ಎಳೆದುಕೊಂಡಳು. *ಸೇರಿದರೆ ಸಾಕು.* ತಂಗಿಯ ಕೈಯೂ ಬೆನ್ನಿನ ನಡುವೆ ನಿಂತಿತ್ತು. ಪೆಟ್ಟಿಗೆ ಎತ್ತುವಷ್ಟರಲ್ಲಿ ಬಟ್ಟೆಯ ಮೇಲೆ ತೆಳುವಾದ ಹಳದಿ ಗುರುತು ಬಿದ್ದಿತ್ತು.

ಅಕ್ಕ ಆ ಸಾಲನ್ನು ಮುರಿದದ್ದನ್ನು ತಂಗಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅಪ್ಪ ಹೋದ ದಿನವೂ ಮುರಿದಿರಲಿಲ್ಲ.

"ಏನಾಯ್ತೇ?"

"ಏನಿಲ್ಲ. ಗಂಟಲು."

ಅಕ್ಕ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಳು. ಎದ್ದಾಗ ಮುಖ ಕಪ್ಪಿಟ್ಟಿತ್ತು, ಗೋಡೆ ಹಿಡಿದಳು. ತಂಗಿ ಹತ್ತಿರ ಹೋಗಿ ಕಾಲರಿನ ಗುಂಡಿ ಬಿಚ್ಚಿ ನೋಡಿದಳು. ಬಲಗಡೆಯ ಎದೆಯ ಮೇಲೆ, ಪೋರ್ಟಿನ ಸುತ್ತ, ನೀಲಿ ಗೆರೆಗಳು ಹರಡಿಕೊಂಡಿದ್ದವು. ಮುಂಚೆ ಇರಲಿಲ್ಲ. ಕತ್ತಿನ ಒಂದು ಮಗ್ಗುಲು ತುಂಬಿ ನಿಂತಿತ್ತು. ಇದು ಮೈ ಹಿಡಿದದ್ದಲ್ಲವೆಂದು ಅವಳಿಗೆ ಆಗ ತಿಳಿಯಿತು. ತಿಳಿದದ್ದು ಎದೆಗೆ ಬಡಿಯಲಿಲ್ಲ. ಎಲ್ಲೋ ಪಕ್ಕದ ಕೋಣೆಯಲ್ಲಿ ಯಾರೋ ಏನನ್ನೋ ಇಟ್ಟುಹೋದ ಹಾಗಿತ್ತು.

"ಇದನ್ನ ಹೇಳಬೇಕು ಅಕ್ಕಾ."

"ಹೇಳಬೇಡ."

"ಊದಿಕೊಂಡಿದೆ."

"ನನ್ನ ಕತ್ತು, ನನಗೆ ಗೊತ್ತಿಲ್ವಾ? ಹೇಳಿದರೆ ಪೋರ್ಟ್ ತೆಗೀತಾರೆ. ತೆಗೆದರೆ ಎಲ್ಲಿ ಹಾಕ್ತಾರೆ ಔಷಧಿ? ತಲೆ ಮೇಲೆ ಹುಯ್ತಾರಾ? ಇನ್ನು ಉಳಿದಿರೋದು ಸ್ವಲ್ಪ. ರಕ್ತ ಬರ್ತಾ ಇದೆ ತಾನೆ. ಅವನು ಬಾಗಿಲು ತೆಗೀತಾ ಇದಾನೆ ತಾನೆ. ನಡುವೆ ನೀನು ಯಾಕೆ ಬಾಯಿ ಹಾಕ್ತೀಯ?"

ಅಕ್ಕನ ಮಾತಿಗೆ ಎದುರಾಡಿ ತಂಗಿಗೆ ಅಭ್ಯಾಸವಿರಲಿಲ್ಲ. ಗುಂಡಿಯನ್ನು ಮೆಲ್ಲಗೆ ಹಾಕಿದಳು. ಕಾಲರು ಮತ್ತು ಕತ್ತಿನ ನಡುವೆ ಬೆರಳು ತೂರಿಸಲು ನೋಡಿದಳು. ತೂರಲಿಲ್ಲ.

ಅಂದೇ ಔಷಧಿಯ ಸರದಿಯಿತ್ತು. ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಕಿಟಕಿಯಾಚೆ ಔಷಧಿ ಅಂಗಡಿ, ಸೈಕಲ್ ರಿಪೇರಿಯವನು, ಶಾಲೆಯ ಗೇಟು, ದಿನವೂ ಇದ್ದವೇ. ತಂಗಿಯ ತಲೆಯಲ್ಲಿ ಎರಡೇ ಮಾತು. ಹೇಳಿದರೆ ಔಷಧಿ ನಿಲ್ಲುತ್ತದೆ, ಔಷಧಿ ನಿಂತರೆ ಗಡ್ಡೆ ಮರಳಬಹುದು. ಹೇಳದಿದ್ದರೆ ಈ ಊತ. ಎರಡನ್ನೂ ತೂಗಲು ಅವಳು ಪ್ರಯತ್ನಪಟ್ಟಳು. ತಕ್ಕಡಿಯೇ ಅಲುಗಲಿಲ್ಲ. ದೇವರನ್ನು ಕೇಳೋಣವೆಂದರೆ ಅವಳಿಗೆ ಬರುತ್ತಿದ್ದ ಪ್ರಾರ್ಥನೆಯೆಲ್ಲ ಅಕ್ಕನ ಧ್ವನಿಯಲ್ಲಿತ್ತು.

ಹಜಾರದಲ್ಲಿ ಮೇಸ್ತ್ರಿ ಆಗಲೇ ಕೂತಿದ್ದ. "ಬನ್ನಿ ಬನ್ನಿ, ಕಚೇರಿ ಶುರುವಾಗ್ಲಿ," ಎಂದ.

ಸಿಸ್ಟರ್ ಚರ್ಮ ಒರೆಸಿದರು, ಸೂಜಿ ಚುಚ್ಚಿದರು, ಎಳೆದರು. ಇಲ್ಲ.

"ಎತ್ತಿ ಅಮ್ಮ ಕೈ. ಹೇಳಿ."

ಅಕ್ಕ ಹೇಳಿದಳು. ಮೊದಲ ಸಾಲು ಸರಿಯಾಗಿತ್ತು. ಎರಡನೆಯದು ಸ್ವಲ್ಪ ಕೆಳಗಿಳಿಯಿತು. ಮೂರನೆಯದು ಅಲ್ಲೇ ಮುರಿಯಿತು. ಯಾರಿಗೂ ಗೊತ್ತಾಗಲಿಲ್ಲ. ಎದುರು ಸಾಲಿನವರೊಬ್ಬರು ತಲೆ ತೂಗುತ್ತಲೇ ಇದ್ದರು. ಸಿರಿಂಜಿನಲ್ಲಿ ದಾರದಂತಹ ಒಂದು ಕೆಂಪು ಎಳೆ ಬಂದು, ನಿಂತು, ಇನ್ನೊಂದಿಷ್ಟು ಬಂತು.

"ಬಂತು," ಎಂದರು ಸಿಸ್ಟರ್. ಔಷಧಿಯ ಚೀಲ ತೆಗೆದುಕೊಳ್ಳಲು ತಿರುಗಿದರು.

"ಸಿಸ್ಟರ್," ಎಂದಳು ತಂಗಿ. ತನ್ನ ಧ್ವನಿ ತನಗೇ ಯಾರದೋ ಎನಿಸಿತು. "ನಾನು ಕಾಲರಿನ ಗುಂಡಿ ಎರಡು ಸಲ ಜರುಗಿಸಿದ್ದೀನಿ."

"ಏನು?"

"ಇವಳ ಅಂಗಿಯ ಗುಂಡಿ. ಕತ್ತಿಗೆ ಆಗ್ತಾ ಇರಲಿಲ್ಲ. ಎರಡು ಸಲ ಆಚೆಗೆ ಹೊಲಿದೆ. ಬಲತೋಳೂ ಬಿಗಿ, ಎಡತೋಳು ಇಲ್ಲ. ಮೂರನೇ ಸಾಲಿಗೆ ಉಸಿರೂ ಸಾಲ್ತಾ ಇಲ್ಲ. ಈಗ ಕೇಳಿದ್ರಲ್ಲ, ನಡುವೆ ನಿಂತಳು."

ಅಕ್ಕ ಅವಳ ಕಡೆ ನೋಡಲಿಲ್ಲ. ಎತ್ತಿದ ಕೈಯನ್ನು ಇಳಿಸಿ ತೊಡೆಯ ಮೇಲಿಟ್ಟುಕೊಂಡಳು.

ಸಿಸ್ಟರ್ ಚೀಲವನ್ನು ಕೆಳಗಿಟ್ಟರು. ಅಂಗಿಯನ್ನು ಭುಜದಿಂದ ಸರಿಸಿ ನೋಡಿದರು. ಎರಡೂ ಕೈಗಳಿಂದ ಎರಡೂ ತೋಳು ಹಿಡಿದು ನೋಡಿದರು. ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್ ಸಿಕ್ಕಿಸಿದರು. ಅವರ ಮುಖ ಬದಲಾಗಲಿಲ್ಲ, ನಡಿಗೆ ಮಾತ್ರ ಬದಲಾಯಿತು. ಡಾಕ್ಟರನ್ನು ಕರೆಯಲು ಹೋದರು.

ಮೇಸ್ತ್ರಿ ತನ್ನ ಔಷಧಿ ತೊಟ್ಟಿಕ್ಕುವುದನ್ನೇ ನೋಡುತ್ತ ಕೂತಿದ್ದ.

ಕೊಳವೆಯ ಸುತ್ತ ರಕ್ತ ಹೆಪ್ಪುಗಟ್ಟಿತ್ತು. ಸ್ಕ್ಯಾನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಡಾಕ್ಟರು ಇಬ್ಬರ ಪಕ್ಕದಲ್ಲೇ ಕೂತು ಹೇಳಿದರು. ಕತ್ತಿನ ರಕ್ತನಾಳದಿಂದ ತೋಳಿನ ಕಡೆಗೂ ಹೆಪ್ಪು ಹರಡಿದೆ. ಸಣ್ಣ ಚೂರೊಂದು ಶ್ವಾಸಕೋಶಕ್ಕೆ ಹೋಗಿದೆ, ಅದಕ್ಕೇ ಉಸಿರು ಸಾಲುತ್ತಿಲ್ಲ.

"ಮೈಯೊಳಗೆ ಹೊರಗಿನ ವಸ್ತು ಇಟ್ಟಿದ್ದೀವಲ್ಲ ಅಮ್ಮ. ರಕ್ತ ಅದನ್ನ ಸುತ್ತಿಕೊಳ್ಳೋಕೆ ನೋಡುತ್ತೆ. ಎಷ್ಟೋ ಜನಕ್ಕೆ ಆಗುತ್ತೆ. ನಿಮ್ಮ ಕಾಯಿಲೆ ಇದ್ದವರಿಗೆ ಇನ್ನೂ ಜಾಸ್ತಿ."

"ಪದ್ಯ ಹೇಳಿದರೆ ಬರ್ತಾ ಇತ್ತಲ್ಲ," ಎಂದಳು ಅಕ್ಕ.

"ಕೈ ಎತ್ತಿ ಉದ್ದಕ್ಕೆ ಉಸಿರು ಬಿಟ್ಟರೆ ಎದೆಯೊಳಗಿನ ಒತ್ತಡ ಬದಲಾಗುತ್ತೆ. ಕೊಳವೆಯ ತುದಿ ಒಂಚೂರು ಅಲುಗುತ್ತೆ. ಆಗ ಬಂದಿರುತ್ತೆ. ಮೊದಲನೇ ಸಲ ಬರದೇ ಇದ್ದಾಗಲೇ ನಾವು ಪರೀಕ್ಷೆ ಮಾಡಬೇಕಿತ್ತು. ನಮ್ಮ ಕಡೆಯಿಂದ ಅದು ತಪ್ಪೇ."

ಬಾಗಿಲ ಹತ್ತಿರ ನಿಂತಿದ್ದ ಸಿಸ್ಟರ್, "ನಾವೂ ಅದನ್ನೇ ನಂಬಿಬಿಟ್ವಿ," ಎಂದರು. "ಚೆನ್ನಾಗಿ ಹೇಳ್ತಿದ್ರಿ."

"ತೆಗೀತೀರಾ?" ಅಕ್ಕ ಕೇಳಿದಳು.

"ಏನನ್ನ?"

"ಪೋರ್ಟು."

"ಯಾಕೆ ತೆಗೀಬೇಕು? ಸೋಂಕಿಲ್ಲ, ಜಾಗ ಬಿಟ್ಟು ಕದಲಿಲ್ಲ. ನಿಮಗದು ಇನ್ನೂ ಬೇಕು. ರಕ್ತ ತೆಳುವಾಗೋ ಇಂಜೆಕ್ಷನ್ ಕೊಡ್ತೀವಿ. ಕೊಳವೆಯೊಳಗೆ ಹೆಪ್ಪು ಕರಗಿಸೋ ಔಷಧಿ ತುಂಬಿಟ್ಟು ನೋಡ್ತೀವಿ. ಅದು ಮತ್ತೆ ಕೆಲಸ ಮಾಡಿದರೆ ಅಲ್ಲೇ ಇರಲಿ. ಈ ಸರದಿ ಮಾತ್ರ ಮುಂದಕ್ಕೆ ಹೋಗುತ್ತೆ."

ಅಕ್ಕ ತಲೆಯಾಡಿಸಿದಳು. ತೆಗೆಯುತ್ತಾರೆಂಬ ಭಯಕ್ಕೆ ಅಷ್ಟು ದಿನ ಊತವನ್ನು ಬಚ್ಚಿಟ್ಟವಳು, ತೆಗೆಯುವುದಿಲ್ಲವೆಂದು ಕೇಳಿದ ಮೇಲೆ ಎದುರಿನ ಗೋಡೆ ನೋಡುತ್ತ ಕೂತಳು. ತಂಗಿಗೆ ಅಳು ಬರಬಹುದೆನಿಸಿತು. ಕಾದಳು. ಬರಲಿಲ್ಲ.

ಆಸ್ಪತ್ರೆಯಲ್ಲಿ ಕೆಲವು ದಿನ ಇರಿಸಿಕೊಂಡು ಕಳಿಸಿದರು. ಮನೆಯಲ್ಲಿ ಇಂಜೆಕ್ಷನ್ ಕೊಡುವುದು ತಂಗಿಯ ಕೆಲಸ. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು, ನೆಟ್ಟಗೆ ಚುಚ್ಚಿ, ಮೆಲ್ಲಗೆ ಒತ್ತಬೇಕು, ತೆಗೆದಮೇಲೆ ಉಜ್ಜಬಾರದು. ಸಿಸ್ಟರ್ ಹೇಳಿಕೊಟ್ಟಿದ್ದನ್ನು ಅವಳು ಹಾಗೆಯೇ ಮಾಡಿದಳು. ಚುಚ್ಚಿದ ಕಡೆಯಲ್ಲೆಲ್ಲ ನೀಲಿ ಕಲೆ. ಮಾಸುವುದರೊಳಗೆ ಪಕ್ಕದಲ್ಲಿ ಇನ್ನೊಂದು.

ಅಕ್ಕ ಮಾತಾಡುತ್ತಿರಲಿಲ್ಲ. ಜಗಳವಿಲ್ಲ, ಮುನಿಸಿನ ಚಿಹ್ನೆಯೂ ಇಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ, ಅದೂ ಮೈಕಿನಲ್ಲಿ ಹೇಳಿದಂತೆ.

"ಊಟ ಹಾಕ್ಲಾ?"

"ಹಾಕಬಹುದು."

"ಕಿಟಕಿ ಮುಚ್ಲಾ?"

"ಮುಚ್ಚತಕ್ಕದ್ದು."

ಇನ್ನೊಂದು ಕಾಲದಲ್ಲಾಗಿದ್ದರೆ ತಂಗಿ ನಕ್ಕುಬಿಡುತ್ತಿದ್ದಳು. ಬೆಳಗ್ಗೆ ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಅಕ್ಕ ಬಂದು ಕೂರುತ್ತಿದ್ದಳು. ಪದ್ಯ ಇರುತ್ತಿರಲಿಲ್ಲ. ಪೆಟ್ಟಿಗೆಯ ಹಬೆ ಬುಸ್ಸೆನ್ನುವುದಷ್ಟೇ. ಪದ್ಯವಿಲ್ಲದೆ ತಂಗಿಗೆ ಅಳತೆ ಸಿಗಲಿಲ್ಲ. ತೋಳುಗಳಲ್ಲಿ ಎರಡೆರಡು ಗೀಟು ಬಿದ್ದವು. ಒಬ್ಬ ಗಿರಾಕಿ ಅಂಗಿಯನ್ನು ಎತ್ತಿ ಹಿಡಿದು, "ಏನಮ್ಮ, ನಿಮ್ಮನೇಲಿ ರೇಡಿಯೋ ಕೆಟ್ಟಿದೆಯಾ?" ಎಂದ. ಅಕ್ಕ ಕೇಳಿಸಿಕೊಂಡಳು. ಕೇಳಿಸಿಕೊಂಡದ್ದು ಮುಖದಲ್ಲಿ ಕಾಣಲಿಲ್ಲ.

ಒಮ್ಮೆ ಮಾತ್ರ, ಸೂಜಿ ತೆಗೆದಾದ ಮೇಲೆ, ಅಂಗಿ ಕೆಳಗೆ ಎಳೆದುಕೊಳ್ಳುತ್ತ ಅಕ್ಕ ತಾನಾಗಿ ಮಾತೆತ್ತಿದಳು.

"ಅವನು ಕೇಳಿಸ್ಕೊಂಡ ಅಂತ ಅಂದ್ಕೊಂಡಿದ್ದೆ. ಹಾಗಾದ್ರೆ ಅದು ಬರೀ ಗಾಳಿ."

ತಂಗಿ ಸೂಜಿಯನ್ನು ಡಬ್ಬಿಗೆ ಹಾಕಿದಳು. "ನನಗೆ ಅದೆಲ್ಲ ತಿಳಿಯಲ್ಲ ಅಕ್ಕಾ," ಎಂದಳು.

ಮುಂದಕ್ಕೆ ಹೋಗಿದ್ದ ಸರದಿ ಬಂತು. ಮತ್ತದೇ ಹಜಾರ, ಅದೇ ಕಿಟಕಿ ಪಕ್ಕದ ಕುರ್ಚಿ. ಇಂದು ರಕ್ತ ಬಂದರೆ ಔಷಧಿ ಮತ್ತೆ ಶುರು. ಬರದಿದ್ದರೆ ಪೋರ್ಟನ್ನು ತೆಗೆದು ಬೇರೆ ಕಡೆ ಹಾಕಬೇಕೋ ಏನೋ, ಆಗ ನೋಡೋಣ ಎಂದಿದ್ದರು ಡಾಕ್ಟರು. ತಂಗಿ ಕುರ್ಚಿಯ ಹಿಂದೆ ನಿಂತಳು.

ಸಿಸ್ಟರ್ ಸೂಜಿ ಚುಚ್ಚಿದರು. ಅಭ್ಯಾಸಬಲದಿಂದ ಅಕ್ಕನ ಕಣ್ಣು ತಾನೇ ಮುಚ್ಚಿಕೊಂಡಿತು, ಕೈ ತೊಡೆಯಿಂದ ಮೇಲೆದ್ದಿತು, ಎದೆ ಉಸಿರು ತುಂಬಿಕೊಂಡಿತು.

"ಬಂತಲ್ಲ," ಎಂದರು ಸಿಸ್ಟರ್.

ಅಕ್ಕ ಕಣ್ಣು ಬಿಟ್ಟಳು. ಸಿರಿಂಜಿನ ತುಂಬ ಗಾಢವಾದ ಕೆಂಪು, ಒಂದೇ ಎಳೆತಕ್ಕೆ. ಸಿಸ್ಟರ್ ಆಗಲೇ ಅದನ್ನು ತೆಗೆದಿಟ್ಟು ಉಪ್ಪುನೀರು ಹಾಯಿಸುತ್ತಿದ್ದರು. ತುಂಬಿಕೊಂಡ ಉಸಿರನ್ನು ಅಕ್ಕ ಸದ್ದಿಲ್ಲದೆ ಬಿಟ್ಟಳು. ಎತ್ತಿದ ಕೈಯಿಂದ ಕೆನ್ನೆ ಕೆರೆದುಕೊಂಡಳು.

ಔಷಧಿಯ ಚೀಲ ಕಂಬಿಗೇರಿತು. ತೊಟ್ಟಿಕ್ಕತೊಡಗಿತು.

"ಏನು ಪದ್ಯದಮ್ಮಾ, ಇವತ್ತು ರಜಾನಾ?" ಎಂದ ಮೇಸ್ತ್ರಿ. ಅವನು ಇನ್ನೂ ಸಣ್ಣಗಾಗಿದ್ದ.

"ರಕ್ತ ಬಂತಲ್ಲಪ್ಪಾ. ಇನ್ಯಾಕೆ."

"ನಿಮಗೆ ರಕ್ತ ಬಂತು. ನಮಗೇನು ಬಂತು?"

ಕಿಟಕಿಯಾಚೆ ಯಾರೋ ಸ್ಕೂಟರನ್ನು ಒದ್ದು ಒದ್ದು ಶುರುಮಾಡಲು ನೋಡುತ್ತಿದ್ದರು. ಅದು ಶುರುವಾಗಿ, ದೂರ ಹೋಯಿತು. ಮೇಸ್ತ್ರಿ ಕಣ್ಣು ಮುಚ್ಚಿದ. ಮಲಗಿದನೆಂದುಕೊಂಡಳು ತಂಗಿ.

"ಲೇ," ಎಂದಳು ಅಕ್ಕ, ತಿರುಗದೆಯೇ.

"ಹೂಂ."

"ಎಲ್ಲಿ ಮುರೀತಿತ್ತು ಆ ಸಾಲು?"

"ಕಿವಿಯನು, ಅಂದ ಮೇಲೆ."

ಅಕ್ಕ ಕೈ ಎತ್ತದೆ, ಕಣ್ಣು ಮುಚ್ಚದೆ, ಅಡುಗೆಮನೆಯಲ್ಲಿ ಹೇಳಿಕೊಳ್ಳುವಷ್ಟು ಸಣ್ಣ ದನಿಯಲ್ಲಿ ಶುರುಮಾಡಿದಳು. ಮೊದಲ ಸಾಲು ಹೋಯಿತು. ಎರಡನೆಯದು ಹೋಯಿತು. ತಂಗಿಯ ಬಲಗೈ ಕುರ್ಚಿಯ ಬೆನ್ನಿನ ಮೇಲೆ, ಭುಜದಿಂದ ಅಂಚಿನ ಕಡೆಗೆ, ತನಗೇ ತಿಳಿಯದೆ ಸರಿಯತೊಡಗಿತ್ತು.

*ಕರೆವ ದನಿಯಿದು ನಿನ್ನ ಕಿವಿಯನು*

ಅಕ್ಕ ನಿಲ್ಲಿಸಿದಳು. ಅವಸರವಿಲ್ಲದೆ ಉಸಿರು ಎಳೆದುಕೊಂಡಳು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡೇ ತಲೆ ಈ ಕಡೆ ಹೊರಳಿಸಿದ.

*ಸೇರಿದರೆ ಸಾಕು.*

"ಈಗಲೂ ಅಲ್ಲೇ," ಎಂದಳು ತಂಗಿ.

"ಗೊತ್ತು. ಕೇಳಿಸ್ತು ತಾನೆ?"

"ಕೇಳಿಸ್ತು."

"ಹಂಗಾದ್ರೆ ಗುಂಡಿ ಹಾಕು. ಇಲ್ಲಿ ಚಳಿ."

ತಂಗಿ ಎದುರಿಗೆ ಬಂದು ನಿಂತಳು. ಎದೆಯ ಮೇಲಿನ ಸೂಜಿ ಮತ್ತು ಅದರ ಪಟ್ಟಿಗೆ ತಾಕದಂತೆ ನಡುವಿನ ಎರಡು ಗುಂಡಿ ಬಿಟ್ಟು ಉಳಿದವನ್ನು ಹಾಕಿದಳು. ಕೊನೆಗೆ ಕಾಲರಿನದು. ಅದು ತಾನಾಗಿಯೇ ಕೂತಿತು. ಕಾಲರು ಮತ್ತು ಕತ್ತಿನ ನಡುವೆ ಅವಳು ಒಂದು ಬೆರಳು ತೂರಿಸಿ ನೋಡಿದಳು. ಹೋಯಿತು. ಇನ್ನೊಂದೂ ಹೋಯಿತು. ಬೆರಳುಗಳ ಕೆಳಗೆ ಅಕ್ಕನ ಚರ್ಮ ತಣ್ಣಗಿತ್ತು.

"ಇದನ್ನ ಹಳೇ ಜಾಗಕ್ಕೆ ಹೊಲೀಬೇಕು," ಎಂದಳು ತಂಗಿ.

"ಹೊಲಿಯುವಿಯಂತೆ ಬಿಡು," ಎಂದಳು ಅಕ್ಕ. "ಕೈ ತೆಗಿ ಮೊದ್ಲು, ಕಚಗುಳಿ ಆಗುತ್ತೆ."

ತಂಗಿ ಕೈ ತೆಗೆದಳು. ಕುರ್ಚಿಯ ಹಿಂದಕ್ಕೆ ಹೋಗಿ, ತನ್ನ ಜಾಗದಲ್ಲಿ ನಿಂತಳು.